ಅರ್ಧ ಅಂಕಣದ ಚರಿತ್ರೆ

ಬ್ಯಾಡ್ಮಿಂಟನ್ ಆಟದ ಚರಿತ್ರೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ. 1899ರಲ್ಲಿ ಲಂಡನ್ನಿನಲ್ಲಿ ಮೊದಲ ಆಲ್ ಇಂಗ್ಲೆಂಡ್ ಪಂದ್ಯಾವಳಿ ನಡೆದಾಗ ಅಲ್ಲಿ ಸಿಂಗಲ್ಸ್ ಇರಲೇ ಇಲ್ಲ. ಪುರುಷರ ಡಬಲ್ಸ್, ಮಹಿಳೆಯರ ಡಬಲ್ಸ್, ಮಿಶ್ರ ಡಬಲ್ಸ್ ಈ ಮೂರೇ ಸ್ಪರ್ಧೆಗಳು ಅಂದು ನಡೆದವು. ಒಬ್ಬರ ವಿರುದ್ಧ ಒಬ್ಬರು ಆಡುವ ಸಿಂಗಲ್ಸ್ ಸೇರಿಕೊಂಡದ್ದು ಮರುವರ್ಷ, ಅಂದರೆ 1900ರಲ್ಲಿ. ಜಗತ್ತಿನ ಅತ್ಯಂತ ಹಳೆಯ ಬ್ಯಾಡ್ಮಿಂಟನ್ ಪಂದ್ಯಾವಳಿ ಶುರುವಾದದ್ದೇ ಜೋಡಿಯಾಟವಾಗಿ. ಅದರಲ್ಲೂ ಗಂಡು ಹೆಣ್ಣು ಒಂದೇ ಬದಿಯಲ್ಲಿ ನಿಂತು ಆಡುವ ಸ್ಪರ್ಧೆ ಮೊದಲ ದಿನದಿಂದಲೇ ಇತ್ತು.

ಆದರೆ ನಮ್ಮ ನೆನಪಿನಲ್ಲಿ ಉಳಿದಿರುವುದು ಒಂಟಿ ಆಟಗಾರರ ಹೆಸರುಗಳು. ಬೆಂಗಳೂರಿನ ಪ್ರಕಾಶ್ ಪಡುಕೋಣೆ 1971ರಿಂದ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದದ್ದು ಎಲ್ಲರಿಗೂ ಗೊತ್ತು. ಅವರ ನಂತರ ಎಂಟು ಬಾರಿ ಆ ಪಟ್ಟ ಹಿಡಿದಿದ್ದ, 1988ರಲ್ಲಿ ಲಖನೌದಲ್ಲಿ ಗುಂಡಿಗೆ ಬಲಿಯಾದ ಸೈಯದ್ ಮೋದಿಯ ಹೆಸರೂ ಹಲವರಿಗೆ ನೆನಪಿದೆ. ಆಮೇಲೆ ಗೋಪಿಚಂದ್, ಸೈನಾ, ಸಿಂಧು. ಅದೇ ವರ್ಷಗಳಲ್ಲಿ ಡಬಲ್ಸ್ ಗೆದ್ದವರು ಯಾರು ಎಂದು ಕೇಳಿದರೆ ಕ್ರೀಡಾ ಪುಟವನ್ನು ತಪ್ಪದೆ ಓದುವವರೂ ತಡವರಿಸುತ್ತಾರೆ. ಮಿಶ್ರ ಡಬಲ್ಸ್ ಬಗ್ಗೆಯಂತೂ ಕೇಳುವುದೇ ಬೇಡ.

ಈ ಮರೆವಿನ ನಡುವೆ ಸುಮಾರು ಹದಿನೈದು ವರ್ಷ ಭಾರತದ ಜೋಡಿಯಾಟವನ್ನು ಹೊತ್ತು ನಡೆದವರು ಕನ್ನಡ ನಾಡಿನ ಒಬ್ಬ ಹೆಣ್ಣುಮಗಳು, ಅಶ್ವಿನಿ ಪೊನ್ನಪ್ಪ. ಅವರ ಆಟದ ಬದುಕನ್ನು ನೋಡಿದರೆ ನಮ್ಮ ಸಮಾಜ ಯಾವುದನ್ನು ಕೊಂಡಾಡುತ್ತದೆ, ಯಾವುದನ್ನು ಬದಿಗೆ ಸರಿಸುತ್ತದೆ ಎನ್ನುವುದೂ ಕಾಣುತ್ತದೆ.

ದಂಡಿನ ಊರಿನಿಂದ ಮದುವೆ ಮಂಟಪಕ್ಕೆ

ಬ್ಯಾಡ್ಮಿಂಟನ್ನಿಗೆ ಆ ಹೆಸರು ಬಂದದ್ದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಒಂದು ಶ್ರೀಮಂತ ಬಂಗಲೆಯಿಂದ. ಆದರೆ ಆಟಕ್ಕೆ ನಿಯಮಗಳ ಚೌಕಟ್ಟು ಸಿಕ್ಕಿದ್ದು 1870ರ ದಶಕದಲ್ಲಿ ಪುಣೆಯ ಬ್ರಿಟಿಷ್ ಅಧಿಕಾರಿಗಳ ನಡುವೆ. ಆ ಕಾಲದಲ್ಲಿ ಈ ಆಟವನ್ನು 'ಪೂನಾ' ಎಂದೇ ಕರೆಯುತ್ತಿದ್ದರು. ಪುಣೆಯೂ ನಮ್ಮ ಬೆಳಗಾವಿಯೂ ಆಗ ಒಂದೇ ಮುಂಬೈ ಪ್ರಾಂತದ ದಂಡಿನ ಊರುಗಳು. ಈ ಕಡೆಯ ಜನಕ್ಕೆ ಬ್ಯಾಡ್ಮಿಂಟನ್ ದೂರದೇಶದ ಆಟವೇನಲ್ಲ ಎಂಬುದನ್ನು ಹೇಳಲು ಈ ಮಾತು.

ಬೆಳಗಾವಿಯ ನೆರೆಯ ಸಾಂಗ್ಲಿಯಲ್ಲಿ 1933ರಲ್ಲಿ ಹುಟ್ಟಿದ ನಂದು ನಾಟೇಕರ್ 1956ರಲ್ಲಿ ಕ್ವಾಲಾಲಂಪುರದಲ್ಲಿ ಗೆದ್ದು, ವಿದೇಶದಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯ ಬ್ಯಾಡ್ಮಿಂಟನ್ ಆಟಗಾರರಾದರು. ಅವರ ಖಾತೆಯಲ್ಲಿ ಹದಿನೇಳು ರಾಷ್ಟ್ರೀಯ ಪ್ರಶಸ್ತಿಗಳಿವೆ. ಆರು ಸಿಂಗಲ್ಸ್‌ನವು, ಆರು ಡಬಲ್ಸ್‌ನವು, ಐದು ಮಿಶ್ರ ಡಬಲ್ಸ್‌ನವು. ಲೆಕ್ಕ ಹಾಕಿದರೆ ಅವರ ಗೆಲುವಿನ ಹೆಚ್ಚಿನ ಪಾಲು ಇನ್ನೊಬ್ಬರ ಜೊತೆ ನಿಂತು ಗಳಿಸಿದ್ದು. ಆದರೂ ನಾಟೇಕರ್ ಎಂದ ಕೂಡಲೇ ಬರೆಯುವುದು ಅವರ ಸಿಂಗಲ್ಸ್ ಬಗ್ಗೆಯೇ.

ಬೆಂಗಳೂರಿನಲ್ಲಿ ಈ ಆಟ ಬೆಳೆದದ್ದು ದೊಡ್ಡ ಕ್ರೀಡಾಂಗಣಗಳಲ್ಲಲ್ಲ. ಪ್ರಕಾಶ್ ಪಡುಕೋಣೆ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಮಂಟಪದಲ್ಲಿ. ಮದುವೆ ಇದ್ದ ದಿನ ಆಟವಿಲ್ಲ. ಅಂಥ ಅಂಕಣದಿಂದ ಎದ್ದುಬಂದ ಹುಡುಗ 1980ರ ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೋನೇಷ್ಯದ ಲಿಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. 1983ರಲ್ಲಿ ಕೋಪನ್‌ಹೇಗನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಎರಡನೆಯದಕ್ಕೆ ಇಪ್ಪತ್ತೆಂಟು ವರ್ಷ ಕಾಯಬೇಕಾಯಿತು. ಅದು ಬಂದದ್ದು ಜೋಡಿಯಾಟದಿಂದ, ಅದರ ಅರ್ಧ ಪಾಲು ಮತ್ತೆ ಬೆಂಗಳೂರಿನದೇ.

ಅಶ್ವಿನಿ ಮತ್ತು ಜ್ವಾಲಾ

ಅಶ್ವಿನಿ ಹುಟ್ಟಿದ್ದು 1989ರ ಸೆಪ್ಟೆಂಬರ್ 18ರಂದು, ಬೆಂಗಳೂರಿನಲ್ಲಿ. ಮನೆತನ ಕೊಡಗಿನದು. ತಂದೆ ಹಾಕಿ ಆಟಗಾರರಾಗಿದ್ದರು. ಕೊಡವರಲ್ಲಿ ಹಾಕಿ ಎಂದರೆ ಮನೆಮಂದಿಯ ಆಟ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನ ಒಂದೊಂದು ತಂಡ. ಅಲ್ಲಿ ಹಿರಿಯರ ಜೊತೆ ಕಿರಿಯರು, ಗಂಡಸರ ಜೊತೆ ಹೆಂಗಸರು ಕೋಲು ಹಿಡಿದು ಇಳಿಯುವುದು ಹೊಸ ನೋಟವೇನಲ್ಲ. ಹೆಣ್ಣುಮಗಳು ಆಡುವುದನ್ನು ಮನೆಯವರೇ ಸಂಭ್ರಮಿಸುವ ಇಂಥ ವಾತಾವರಣ ನಮ್ಮಲ್ಲಿ ಎಲ್ಲ ಸಮುದಾಯಗಳಿಗೂ ಸಿಕ್ಕಿಲ್ಲ.

ಅಶ್ವಿನಿಗೆ ಹೆಸರು ತಂದ ಜೋಡಿ ಹೈದರಾಬಾದಿನ ಜ್ವಾಲಾ ಗುಟ್ಟಾ ಅವರೊಂದಿಗೆ. ಜ್ವಾಲಾ ಆಗಲೇ ಕೇರಳದ ವಿ. ದಿಜು ಜೊತೆ ಮಿಶ್ರ ಡಬಲ್ಸ್‌ನಲ್ಲಿ ಜಗತ್ತಿನ ಮುಂಚೂಣಿಯ ಜೋಡಿಗಳಲ್ಲಿ ಒಂದಾಗಿದ್ದರು. ಎಡಗೈ ಆಟಗಾರ್ತಿ, ನೆಟ್ ಬಳಿ ಚುರುಕು. ಅಶ್ವಿನಿಯ ಬಲ ಹಿಂಬದಿಯಿಂದ ಹೊಡೆಯುವ ಸ್ಮ್ಯಾಷ್. ಮಹಿಳೆಯರ ಆಟದಲ್ಲಿ ಅಷ್ಟು ಬಿರುಸಾದ ಹೊಡೆತ ಅಪರೂಪ. ಒಬ್ಬರು ಮುಂದೆ ಅವಕಾಶ ಹುಟ್ಟಿಸುವುದು, ಇನ್ನೊಬ್ಬರು ಹಿಂದಿನಿಂದ ಮುಗಿಸುವುದು. ಈ ಹೊಂದಾಣಿಕೆ ಬೇಗ ಕುದುರಿತು.

2010ರ ಅಕ್ಟೋಬರ್ 14, ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ. ಸಿರಿಫೋರ್ಟ್‌ನಲ್ಲಿ ಜ್ವಾಲಾ ಮತ್ತು ಅಶ್ವಿನಿ ಸಿಂಗಪುರದ ಜೋಡಿಯನ್ನು ಸೋಲಿಸಿ ಮಹಿಳೆಯರ ಡಬಲ್ಸ್ ಚಿನ್ನ ಗೆದ್ದರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಅದೇ ದಿನ ಸೈನಾ ನೆಹ್ವಾಲ್ ಕೂಡ ಚಿನ್ನ ಗೆದ್ದರು. ಭಾರತದ ಚಿನ್ನ 38ಕ್ಕೇರಿತು. ಇಂಗ್ಲೆಂಡಿನದು 37. ಭಾರತ ಎರಡನೇ ಸ್ಥಾನಕ್ಕೆ ಏರಿದ ಆ ಸಂಜೆಯ ಕೀರ್ತಿಯೆಲ್ಲ ಸೈನಾ ಅವರ ಪಾಲಾಯಿತು. ಅವರು ಅದಕ್ಕೆ ಅರ್ಹರೇ. ಆದರೆ ಡಬಲ್ಸ್‌ನ ಚಿನ್ನ ಬಾರದೇ ಹೋಗಿದ್ದರೆ ಲೆಕ್ಕ 37-37 ಆಗಿ, ಬೆಳ್ಳಿ ಪದಕಗಳು ಹೆಚ್ಚಿದ್ದ ಇಂಗ್ಲೆಂಡೇ ಮುಂದಿರುತ್ತಿತ್ತು. ಈ ಸಣ್ಣ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಮರುವರ್ಷ, 2011ರ ಆಗಸ್ಟ್‌ನಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದೇ ಜೋಡಿ ಕ್ವಾರ್ಟರ್ ಫೈನಲ್‌ನಲ್ಲಿ ಇಂಡೋನೇಷ್ಯದ ವೀಟಾ ಮರೀಸಾ ಮತ್ತು ನಾದ್ಯಾ ಮೆಲಾತಿ ಅವರನ್ನು ಮೂರು ಗೇಮ್‌ಗಳಲ್ಲಿ ಸೋಲಿಸಿ ಕಂಚನ್ನು ಖಚಿತಪಡಿಸಿಕೊಂಡಿತು. ಪ್ರಕಾಶ್ ಅವರ 1983ರ ಕಂಚಿನ ನಂತರ ಬಂದ ಪದಕ ಇದೇ. ಸಿಂಧು ಅವರ ಪದಕಗಳ ಸಾಲು ಶುರುವಾದದ್ದು ಇದಕ್ಕೂ ಎರಡು ವರ್ಷ ತಡವಾಗಿ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅದೃಷ್ಟ ಕೈಕೊಟ್ಟಿತು. ಗುಂಪಿನಲ್ಲಿ ಮೂರು ಜೋಡಿಗಳು ಎರಡೆರಡು ಪಂದ್ಯ ಗೆದ್ದು ಸಮನಾದವು. ಅಂಕಗಳ ವ್ಯತ್ಯಾಸ ನೋಡಿದಾಗ ಭಾರತದ ಜೋಡಿ ಒಂದೇ ಒಂದು ಅಂಕದಿಂದ ಕ್ವಾರ್ಟರ್ ಫೈನಲ್ ತಪ್ಪಿಸಿಕೊಂಡಿತ್ತು. ಕೊನೆಯ ದಿನ ಜಪಾನಿನ ಜೋಡಿ ಸೋತ ರೀತಿಯ ಬಗ್ಗೆ ಭಾರತ ದೂರು ಕೊಟ್ಟರೂ ಅದು ನಿಲ್ಲಲಿಲ್ಲ. ಅದೇ ಸ್ಪರ್ಧೆಯ ಬೇರೆ ಗುಂಪುಗಳಲ್ಲಿ ಸುಲಭದ ಎದುರಾಳಿ ಸಿಗಲೆಂದು ಬೇಕಂತಲೇ ಸೋಲಲು ಹೊರಟ ನಾಲ್ಕು ಜೋಡಿಗಳನ್ನು ಹೊರಹಾಕಲಾಯಿತು. ಅವುಗಳಲ್ಲಿ ಚೀನಾ, ಕೊರಿಯಾದವರ ಜೊತೆ ಇಂಡೋನೇಷ್ಯದ ಜೋಡಿಯೂ ಇತ್ತು. ಆ ವರ್ಷವೇ ಅಶ್ವಿನಿಗೆ ಅರ್ಜುನ ಪ್ರಶಸ್ತಿ ಬಂತು.

ಅರ್ಧ ಬೆಲೆ

ಕಾಮನ್‌ವೆಲ್ತ್ ಚಿನ್ನ, ವಿಶ್ವ ಕಂಚು, ಅರ್ಜುನ ಪ್ರಶಸ್ತಿ ಎಲ್ಲ ಇದ್ದ ಆಟಗಾರ್ತಿಗೆ ಮಾರುಕಟ್ಟೆ ಕಟ್ಟಿದ ಬೆಲೆ ಏನು ಎನ್ನುವುದು ಮರುವರ್ಷ ತಿಳಿಯಿತು. 2013ರಲ್ಲಿ ಇಂಡಿಯನ್ ಬ್ಯಾಡ್ಮಿಂಟನ್ ಲೀಗ್ ಶುರುವಾಯಿತು. ಆರು ಮಂದಿಯನ್ನು ತಾರಾ ಆಟಗಾರರೆಂದು ಗುರುತಿಸಿ ಅವರಿಗೆ 50 ಸಾವಿರ ಡಾಲರ್ ಮೂಲಬೆಲೆ ನಿಗದಿಮಾಡಲಾಗಿತ್ತು. ಅವರಲ್ಲಿ ಜ್ವಾಲಾ ಮತ್ತು ಅಶ್ವಿನಿಯೂ ಇದ್ದರು. ಹರಾಜಿನ ಹೊತ್ತಿಗೆ ಲೀಗ್‌ನಿಂದ ಮಹಿಳೆಯರ ಡಬಲ್ಸನ್ನೇ ಕೈಬಿಡಲಾಯಿತು. ಅದರ ಬೆನ್ನಿಗೇ ಈ ಇಬ್ಬರ ಮೂಲಬೆಲೆ 25 ಸಾವಿರಕ್ಕೆ ಇಳಿಯಿತು. ಅಶ್ವಿನಿಯನ್ನು ಪುಣೆ ತಂಡ ಅಷ್ಟಕ್ಕೇ ಕೊಂಡುಕೊಂಡಿತು. ಮೊದಲೇ ತಿಳಿಸದೆ ಹೀಗೆ ಮಾಡಿದ್ದಕ್ಕೆ ಇಬ್ಬರೂ ಬಹಿರಂಗವಾಗಿಯೇ ಬೇಸರ ತೋಡಿಕೊಂಡರು.

ಹರಾಜಿನ ಲೆಕ್ಕ ಹರಾಜು ನಡೆಸುವವರಿಗೆ ಬಿಟ್ಟದ್ದು. ಆದರೆ ಅದರ ಹಿಂದಿನ ಮನೋಭಾವ ಕ್ರೀಡೆಗೆ ಸೀಮಿತವಾದುದಲ್ಲ. ಇಬ್ಬರು ಸೇರಿ ಮಾಡಿದ ಕೆಲಸವನ್ನು ಎರಡು ಅರ್ಧ ಕೆಲಸಗಳಾಗಿ ನೋಡುವುದು ನಮ್ಮ ಹಳೆಯ ರೂಢಿ. ಮನೆಯಲ್ಲಿ, ಹೊಲದಲ್ಲಿ, ಬೀಡಿ ಕಟ್ಟುವಲ್ಲಿ ಹೆಣ್ಣಿನ ದುಡಿಮೆ ಗಂಡಿನ ಗಳಿಕೆಯೊಳಗೆ ಕರಗಿಹೋಗುವುದೂ ಹೀಗೆಯೇ.

ಮಹಿಳೆಯರ ಡಬಲ್ಸ್ ಇಲ್ಲದ ಆ ಲೀಗ್‌ನಲ್ಲಿ ಅಶ್ವಿನಿ ಆಡಿದ್ದು ಮಿಶ್ರ ಡಬಲ್ಸ್. ಜೊತೆಗಾರ ಡೆನ್ಮಾರ್ಕಿನ ಜೋಕಿಮ್ ಫಿಷರ್ ನೀಲ್ಸನ್, ಲಂಡನ್ ಒಲಿಂಪಿಕ್ಸ್‌ನ ಮಿಶ್ರ ಡಬಲ್ಸ್ ಕಂಚು ಗೆದ್ದವರು. ನಂತರದ ವರ್ಷಗಳಲ್ಲಿ ಜ್ವಾಲಾ ಜೊತೆ ಮತ್ತೆ ಸೇರಿ 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಬೆಳ್ಳಿ, 2015ರಲ್ಲಿ ಕೆನಡಾ ಓಪನ್ ಗೆದ್ದರು. ಭಾರತದ ಮಹಿಳಾ ತಂಡ 2014ರಲ್ಲಿ ಮೊದಲ ಬಾರಿಗೆ ಊಬರ್ ಕಪ್ ಕಂಚು ಗೆದ್ದಾಗ ಈ ಜೋಡಿ ತಂಡದಲ್ಲಿತ್ತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗುಂಪಿನ ಮೂರೂ ಪಂದ್ಯ ಸೋತರು. ಜೋಡಿ ಮುರಿಯಿತು.

ಡಬಲ್ಸ್ ಆಟಗಾರರ ಬದುಕಿನ ಕಷ್ಟ ಇಲ್ಲಿಯೇ. ಸಿಂಗಲ್ಸ್ ಆಡುವವರಿಗೆ ತಮ್ಮ ಮೈ, ತಮ್ಮ ಮನಸ್ಸು ಸರಿಯಿದ್ದರೆ ಸಾಕು. ಇಲ್ಲಿ ಜೊತೆಗಾರರ ಮಂಡಿ ನೋವು ನಮ್ಮ ಮಂಡಿ ನೋವು, ಜೊತೆಗಾರರ ನಿವೃತ್ತಿ ನಮ್ಮ ಅರ್ಧ ನಿವೃತ್ತಿ.

ಮುಂದಿನ ಅರ್ಧ, ಹಿಂದಿನ ಅರ್ಧ

ಮಿಶ್ರ ಡಬಲ್ಸ್ ಹೇಗೆ ನಡೆಯುತ್ತದೆ ಎನ್ನುವುದನ್ನು ಸ್ವಲ್ಪ ನೋಡಬೇಕು. ಅಂಕಣದ ಉದ್ದ 13.4 ಮೀಟರ್, ಅಗಲ 6.1 ಮೀಟರ್. ಸಾಮಾನ್ಯವಾಗಿ ಹೆಣ್ಣು ಮುಂದೆ ನೆಟ್ ಬಳಿ, ಗಂಡು ಹಿಂದೆ. ಗಂಡು ಸರ್ವ್ ಮಾಡುವಾಗಲೂ ಹೆಣ್ಣು ಅವನ ಮುಂದೆಯೇ ನಿಂತಿರುತ್ತಾಳೆ. ಎದುರಾಳಿಗಳ ಲೆಕ್ಕಾಚಾರ ಒಂದೇ. ಆಕೆಯನ್ನು ಹಿಂದಕ್ಕೆ ಅಟ್ಟಬೇಕು, ಆತನನ್ನು ಮುಂದಕ್ಕೆ ಎಳೆಯಬೇಕು, ಇಬ್ಬರ ನಡುವಿನ ಸಂದಿಗೆ ಶಟಲ್ ಹಾಕಬೇಕು. ಬಿರುಸಾದ ಹೊಡೆತಗಳೆಲ್ಲ ಆಕೆಯ ಮೇಲೆಯೇ ಬರುತ್ತವೆ. ನೋಡುವವರಿಗೆ ಆಕೆ ಸಹಾಯಕಿಯಂತೆ ಕಾಣಬಹುದು. ನಿಜದಲ್ಲಿ ರ‍್ಯಾಲಿಯ ದಿಕ್ಕನ್ನು ತೀರ್ಮಾನಿಸುವವಳು ಹೆಚ್ಚಾಗಿ ಮುಂದೆ ನಿಂತವಳೇ. ಅವಳು ನೆಟ್ ಬಳಿ ಶಟಲನ್ನು ಬೇಗ ತಡೆದರೆ ಹಿಂದಿನವನಿಗೆ ಹೊಡೆಯಲು ಎತ್ತರದ ಶಟಲ್ ಸಿಗುತ್ತದೆ. ತಡವಾದರೆ ಅವನ ಸ್ಮ್ಯಾಷ್‌ಗೆ ಅವಕಾಶವೇ ಇಲ್ಲ.

ಹಿಂಬದಿಯಿಂದ ಹೊಡೆದೇ ಹೆಸರು ಮಾಡಿದ ಅಶ್ವಿನಿಗೆ ಇದು ಹೊಸ ಕೆಲಸ. 2017ರ ಸುಮಾರಿಗೆ ಭಾರತದ ಡಬಲ್ಸ್ ಕೋಚ್ ಆಗಿದ್ದ ಮಲೇಷ್ಯದ ತಾನ್ ಕಿಮ್ ಹರ್, ಅವರನ್ನು ಆಂಧ್ರದ ಅಮಲಾಪುರದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಜೊತೆಗೆ ಹಾಕಿದರು. ಸಾತ್ವಿಕ್ ಹುಟ್ಟಿದ್ದು 2000ದ ಆಗಸ್ಟ್‌ನಲ್ಲಿ. ಅಶ್ವಿನಿಗಿಂತ ಸುಮಾರು ಹನ್ನೊಂದು ವರ್ಷ ಚಿಕ್ಕವನು. ಅವನ ಸ್ಮ್ಯಾಷ್ ಎಂಥದ್ದು ಎನ್ನುವುದಕ್ಕೆ ಒಂದೇ ಸಾಕ್ಷಿ ಸಾಕು. 2023ರಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಹೊಡೆತಕ್ಕಾಗಿ ಗಿನ್ನೆಸ್ ದಾಖಲೆಯಲ್ಲಿ ಅವನ ಹೆಸರು ಬಂತು. ಅಂಥವನು ಹಿಂದೆ ಇರುವಾಗ ಅಶ್ವಿನಿ ತನ್ನ ದೊಡ್ಡ ಅಸ್ತ್ರವನ್ನು ಕೆಳಗಿಟ್ಟು ನೆಟ್ ಬಳಿಗೆ ಬರಬೇಕಾಯಿತು. ಇಪ್ಪತ್ತೆಂಟರ ವಯಸ್ಸಿನಲ್ಲಿ ಗೆದ್ದು ಬಂದ ಹಾದಿಯನ್ನು ಬಿಟ್ಟು ಇನ್ನೊಂದು ಕೆಲಸ ಕಲಿಯುವುದು ಸುಲಭವಲ್ಲ.

ಅದರ ಫಲ 2018ರ ಏಪ್ರಿಲ್ 9ರಂದು ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನಲ್ಲಿ ಕಂಡಿತು. ಕಾಮನ್‌ವೆಲ್ತ್ ಮಿಶ್ರ ತಂಡ ಸ್ಪರ್ಧೆಯ ಫೈನಲ್, ಎದುರಾಳಿ ಹಿಂದಿನ ಚಾಂಪಿಯನ್ ಮಲೇಷ್ಯ. ಮೊದಲ ಪಂದ್ಯವೇ ಮಿಶ್ರ ಡಬಲ್ಸ್. ಆಚೆ ಬದಿಯಲ್ಲಿ ಚಾನ್ ಪೆಂಗ್ ಸೂನ್ ಮತ್ತು ಗೋ ಲಿಯು ಯಿಂಗ್, ರಿಯೊ ಒಲಿಂಪಿಕ್ಸ್‌ನ ಬೆಳ್ಳಿ ಗೆದ್ದವರು. ಈಚೆ ಬದಿಯಲ್ಲಿ ಹದಿನೇಳರ ಹುಡುಗ ಮತ್ತು ಅಶ್ವಿನಿ. 21-14, 15-21, 21-15ರಿಂದ ಭಾರತದ ಜೋಡಿ ಗೆದ್ದಿತು. ಆಮೇಲೆ ಶ್ರೀಕಾಂತ್ ಲೀ ಚಾಂಗ್ ವೇ ಅವರನ್ನು ಸೋಲಿಸಿದರು, ಸೈನಾ ತಮ್ಮ ಪಂದ್ಯ ಗೆದ್ದರು. 3-1ರಿಂದ ಭಾರತಕ್ಕೆ ಈ ಸ್ಪರ್ಧೆಯ ಮೊದಲ ಚಿನ್ನ. ಅದೇ ಕೂಟದ ಮಿಶ್ರ ಡಬಲ್ಸ್ ವೈಯಕ್ತಿಕ ವಿಭಾಗದಲ್ಲಿ ಇದೇ ಮಲೇಷ್ಯದ ಜೋಡಿ ಕಂಚಿನ ಪಂದ್ಯದಲ್ಲಿ ಸೇಡು ತೀರಿಸಿಕೊಂಡಿತು. ಅಶ್ವಿನಿ ಮತ್ತು ಸಾತ್ವಿಕ್ ನಾಲ್ಕನೆಯವರಾದರು. 2021ರ ಜನವರಿಯಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಮುಖಾಮುಖಿಯಾದಾಗ 18-21, 24-22, 22-20ರಿಂದ ಗೆದ್ದು ಸೆಮಿಫೈನಲ್ ತಲುಪಿದ್ದು ಭಾರತದ ಜೋಡಿ.

ಈ ಅಂಕಿಗಳನ್ನು ಹೇಳಿದ್ದಕ್ಕೆ ಕಾರಣವಿದೆ. ಮಿಶ್ರ ತಂಡ ಸ್ಪರ್ಧೆಯ ಐದು ಪಂದ್ಯಗಳಲ್ಲಿ ಮೂರು ಡಬಲ್ಸ್. ಎಷ್ಟೇ ದೊಡ್ಡ ಸಿಂಗಲ್ಸ್ ತಾರೆಗಳಿದ್ದರೂ ಜೋಡಿಗಳಿಲ್ಲದ ದೇಶ ಅಲ್ಲಿ ನಿಲ್ಲಲಾರದು. 2022ರಲ್ಲಿ ಭಾರತ ಬ್ಯಾಂಕಾಕಿನಲ್ಲಿ ಇಂಡೋನೇಷ್ಯವನ್ನು 3-0ರಿಂದ ಸೋಲಿಸಿ ಮೊದಲ ಬಾರಿಗೆ ಥಾಮಸ್ ಕಪ್ ಗೆದ್ದಾಗ ನಡುವಿನ ಪಂದ್ಯವನ್ನು ಗೆದ್ದವರು ಸಾತ್ವಿಕ್ ಮತ್ತು ಚಿರಾಗ್ ಶೆಟ್ಟಿ. ಹದಿಹರೆಯದ ಸಾತ್ವಿಕ್ ದೊಡ್ಡ ಪಂದ್ಯಗಳ ಒತ್ತಡವನ್ನು ಎದುರಿಸಲು ಕಲಿತ ವರ್ಷಗಳಲ್ಲಿ ಅವನ ಮುಂದೆ ನೆಟ್ ಬಳಿ ನಿಂತಿದ್ದವರು ಅಶ್ವಿನಿ.

ಸಾತ್ವಿಕ್ ಪುರುಷರ ಡಬಲ್ಸ್‌ಗೇ ಮೀಸಲಾದ ಮೇಲೆ ಅಶ್ವಿನಿ ಮತ್ತೆ ಹೊಸ ಜೊತೆಗಾರರನ್ನು ಹುಡುಕಿಕೊಂಡರು. ಮಿಶ್ರದಲ್ಲಿ ಸುಮೀತ್ ರೆಡ್ಡಿ. ಮಹಿಳೆಯರ ಡಬಲ್ಸ್‌ನಲ್ಲಿ ಸಿಕ್ಕಿ ರೆಡ್ಡಿ ನಂತರ ಗೋವಾ ಮೂಲದ ತನೀಶಾ ಕ್ರಾಸ್ಟೊ. ತನೀಶಾ ಜೊತೆ 2023ರಲ್ಲಿ ಅಬುಧಾಬಿ ಮತ್ತು ಗುವಾಹಟಿ ಮಾಸ್ಟರ್ಸ್ ಗೆದ್ದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಎಂಟು ವರ್ಷಗಳ ನಂತರ ಮರಳಿ ಒಲಿಂಪಿಕ್ಸ್. ಅಲ್ಲಿ ಮೂರೂ ಪಂದ್ಯ ಸೋತಾಗ, ಇದೇ ತಮ್ಮ ಕೊನೆಯ ಒಲಿಂಪಿಕ್ಸ್ ಎಂದು ಕಣ್ಣೀರಿನೊಂದಿಗೆ ಹೇಳಿದರು.

ಇಂಡೋನೇಷ್ಯದ ಪಾಠ

ಮಲೇಷ್ಯದ ಆ ಜೋಡಿಯನ್ನು ರಿಯೊ ಫೈನಲ್‌ನಲ್ಲಿ ಸೋಲಿಸಿದ್ದವರು ಇಂಡೋನೇಷ್ಯದ ತೊಂತೊವಿ ಅಹ್ಮದ್ ಮತ್ತು ಲಿಲಿಯಾನಾ ನಾತ್ಸಿರ್. 2016ರ ಆಗಸ್ಟ್ 17ರಂದು, ಇಂಡೋನೇಷ್ಯದ ಸ್ವಾತಂತ್ರ್ಯ ದಿನದಂದೇ ಅವರಿಗೆ ಚಿನ್ನ ಬಂತು. 2012, 2013, 2014ರಲ್ಲಿ ಸತತ ಮೂರು ಬಾರಿ ಆಲ್ ಇಂಗ್ಲೆಂಡ್, 2013 ಮತ್ತು 2017ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಜೋಡಿ ಇದು. ಲಿಲಿಯಾನಾ ಅದಕ್ಕೂ ಮೊದಲು ನೋವಾ ವಿದಿಯಾಂತೊ ಜೊತೆ 2005 ಮತ್ತು 2007ರ ವಿಶ್ವ ಚಾಂಪಿಯನ್, 2008ರ ಬೀಜಿಂಗ್ ಒಲಿಂಪಿಕ್ಸ್‌ನ ಬೆಳ್ಳಿ ಗೆದ್ದವರು. ಜೊತೆಗಾರ ಬದಲಾದರೂ ಅವರ ಸ್ಥಾನ ಕದಲಲಿಲ್ಲ. ಜೋಡಿಯಾಟಕ್ಕೆ ಬೇರೆ ಕೋಚ್, ಬೇರೆ ತರಬೇತಿ, ಹುಡುಕಿ ಹೊಂದಿಸುವ ವ್ಯವಸ್ಥೆ ಆ ದೇಶದಲ್ಲಿ ದಶಕಗಳಿಂದ ಇರುವುದರಿಂದ ಇದು ಸಾಧ್ಯವಾಯಿತು. ಆ ಪರಂಪರೆಯ ಫ್ಲಾಂಡಿ ಲಿಂಪೆಲೆ 2019ರಲ್ಲಿ ಭಾರತದ ಡಬಲ್ಸ್ ಕೋಚ್ ಆಗಿ ಬಂದಿದ್ದರು. ಬೀಜಿಂಗ್‌ನಲ್ಲಿ ಮಿಶ್ರ ಡಬಲ್ಸ್ ನಾಲ್ಕನೇ ಸ್ಥಾನ ಪಡೆದಾಗ ಅವರ ಜೊತೆಗಾರ್ತಿ ಇದೇ ವೀಟಾ ಮರೀಸಾ, ಅಶ್ವಿನಿ ಮತ್ತು ಜ್ವಾಲಾ 2011ರಲ್ಲಿ ಸೋಲಿಸಿದವರು.

ತೊಂತೊವಿ ಜಾವಾದ ಮುಸ್ಲಿಮ್. ಲಿಲಿಯಾನಾ ಸುಲಾವೇಸಿಯ ಮನಾಡೊದವರು, ಚೀನೀ ಮೂಲದವರು. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶದ ಹೆಮ್ಮೆಯ ಜೋಡಿ ಹೀಗೆ ಎರಡು ಸಮುದಾಯಗಳದ್ದು. ಇದನ್ನು ಹೇಳಿ ಚಪ್ಪಾಳೆ ತಟ್ಟಿ ಮುಗಿಸುವುದು ಸುಲಭ. ಆದರೆ ಇದರ ಹಿಂದೆ ಕಹಿ ಚರಿತ್ರೆಯಿದೆ.

ಇಂಡೋನೇಷ್ಯಕ್ಕೆ ಬ್ಯಾಡ್ಮಿಂಟನ್ ಕೀರ್ತಿ ತಂದವರಲ್ಲಿ ಚೀನೀ ಮೂಲದವರು ಬಹಳ. 1959ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೊದಲ ಇಂಡೋನೇಷ್ಯದವರಾದ ತಾನ್ ಜೋ ಹೋಕ್, ಎಂಟು ಬಾರಿ ಗೆದ್ದ ರೂಡಿ ಹರ್ತೊನೊ, 1992ರ ಬಾರ್ಸಿಲೋನಾದಲ್ಲಿ ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದ ಸೂಸಿ ಸುಸಾಂತಿ ಎಲ್ಲರೂ ಆ ಮೂಲದವರೇ. ಆದರೆ ಸುಹಾರ್ತೊ ಆಡಳಿತದಲ್ಲಿ ಅವರ ಸಮುದಾಯದ ಮೇಲೆ ಹೆಸರು ಬದಲಿಸಿಕೊಳ್ಳುವ ಒತ್ತಡವಿತ್ತು. 1967ರ ಆದೇಶ ಅವರ ಹಬ್ಬ, ಆಚರಣೆಗಳನ್ನು ಸಾರ್ವಜನಿಕವಾಗಿ ನಿಷೇಧಿಸಿತು. ಹುಟ್ಟಿದ ದೇಶದಲ್ಲೇ ಪೌರತ್ವ ಸಾಬೀತುಪಡಿಸುವ ಪ್ರತ್ಯೇಕ ಕಾಗದ ಇಟ್ಟುಕೊಳ್ಳಬೇಕಿತ್ತು. 2001ರಲ್ಲಿ ವಿಶ್ವ ಚಾಂಪಿಯನ್ ಆದ ಹೆಂದ್ರವಾನ್ ಕೂಡ ಈ ಕಾಗದಕ್ಕಾಗಿ ಅಲೆದಾಡಿದರು. 2002ರಲ್ಲಿ ಅಧ್ಯಕ್ಷೆ ಮೇಘಾವತಿ ಅವರೇ ನಡುವೆ ಬರಬೇಕಾಯಿತು. 1998ರ ಮೇ ತಿಂಗಳಲ್ಲಿ ಜಕಾರ್ತದಲ್ಲಿ ಚೀನೀಯರ ಮನೆ ಅಂಗಡಿಗಳು ಉರಿದವು. ಅದರ ಬೆನ್ನಿಗೇ ಹಾಂಕಾಂಗ್‌ನಲ್ಲಿ ಥಾಮಸ್ ಮತ್ತು ಊಬರ್ ಕಪ್ ನಡೆಯಿತು. ಊರಿನಲ್ಲಿದ್ದ ಮನೆಯವರ ಕ್ಷೇಮದ ಚಿಂತೆಯಲ್ಲೇ ಆಟಗಾರರು ದೇಶಕ್ಕಾಗಿ ಆಡಿದರು. ಇಂಡೋನೇಷ್ಯ ಥಾಮಸ್ ಕಪ್ ಗೆದ್ದಿತು.

ಪದಕ ಗೆದ್ದರೆ ದ್ವೇಷ ತಾನಾಗಿಯೇ ಕರಗುತ್ತದೆ ಎನ್ನುವವರಿಗೆ ಈ ಚರಿತ್ರೆ ಉತ್ತರ. ಅನ್ಯಾಯವನ್ನು ತೆಗೆಯಲು ಕಾನೂನು ಬದಲಾಗಬೇಕಾಯಿತು. ಅದನ್ನು ಶುರುಮಾಡಿದವರು ಧಾರ್ಮಿಕ ವಿದ್ವಾಂಸರೂ ನಹ್ದತುಲ್ ಉಲಮಾ ಸಂಘಟನೆಯ ಮಾಜಿ ಮುಖ್ಯಸ್ಥರೂ ಆಗಿದ್ದ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್. 2000ದಲ್ಲಿ ಅವರು 1967ರ ಆದೇಶವನ್ನು ರದ್ದುಮಾಡಿದರು. ಬಹುಸಂಖ್ಯಾತರ ಆಲಿಮರೊಬ್ಬರು ಅಲ್ಪಸಂಖ್ಯಾತರ ಹಬ್ಬವನ್ನು ಬೀದಿಗೆ ಮರಳಿಸಿದ್ದು ನೆನಪಿಡಬೇಕಾದ ಸಂಗತಿ. 2006ರ ಪೌರತ್ವ ಕಾನೂನು ಮೂಲನಿವಾಸಿ ಮತ್ತು ಚೀನೀ ಮೂಲ ಎಂಬ ಭೇದವನ್ನು ಅಳಿಸಿತು.

ನಮ್ಮಲ್ಲಿ 2019ರಲ್ಲಿ ಪೌರತ್ವದ ಕಾಯಿದೆಗೆ ಧರ್ಮದ ಅಳತೆಗೋಲು ಬಂದಾಗ ಅಜ್ಜ ಮುತ್ತಜ್ಜರ ಕಾಗದ ಹುಡುಕತೊಡಗಿದವರಿಗೆ ಹೆಂದ್ರವಾನ್ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಶ್ವಿನಿಯ ಜೊತೆಗಾರ್ತಿ ಜ್ವಾಲಾ ಅವರ ಅನುಭವವೂ ಇದಕ್ಕೆ ದೂರವಿಲ್ಲ. ಜ್ವಾಲಾ ಅವರ ತಾಯಿ ಚೀನೀ ಮೂಲದವರು. ಆ ಕುಟುಂಬ ಇಲ್ಲಿಗೆ ಬಂದದ್ದು ಗಾಂಧೀಜಿಯವರ ಬಳಿ ಕಲಿಯಲೆಂದು. ಜ್ವಾಲಾ ಹುಟ್ಟಿದ್ದೂ ಗಾಂಧೀಜಿಯ ಸೇವಾಗ್ರಾಮವಿರುವ ವರ್ಧಾದಲ್ಲಿ. 2020ರಲ್ಲಿ ಕೊರೋನಾ ಹಬ್ಬಿದಾಗ, ದೇಶಕ್ಕೆ ವಿಶ್ವ ಪದಕ ತಂದ ಇದೇ ಆಟಗಾರ್ತಿಯನ್ನು ತಾಯಿಯ ಮೂಲ ಹಿಡಿದು ರೋಗದ ಹೆಸರಿನಿಂದ ಹೀಯಾಳಿಸಲಾಯಿತು. ಅದನ್ನು ಅವರೇ ಬರೆದುಕೊಂಡಿದ್ದಾರೆ.

ಹಲಸಿಯ ತಾಮ್ರಪಟಗಳು

'ಮಿಶ್ರ' ಎಂಬ ಪದಕ್ಕೆ ನಮ್ಮ ನಾಡಿನಲ್ಲಿ ಈಚೆಗೆ ಅನುಮಾನದ ನೆರಳು ಬಿದ್ದಿದೆ. ಬಸ್ಸಿನಲ್ಲಿ ಒಟ್ಟಿಗೆ ಕುಳಿತ ಬೇರೆ ಬೇರೆ ಧರ್ಮದ ವಿದ್ಯಾರ್ಥಿಗಳನ್ನು ಇಳಿಸಿ ವಿಚಾರಿಸುವವರಿದ್ದಾರೆ. ನಮ್ಮ ಮುಸ್ಲಿಮ್ ಮನೆಗಳಲ್ಲೂ ಹುಡುಗಿ ಏಳನೇ ತರಗತಿ ದಾಟಿದ ಮೇಲೆ ಮೈದಾನದ ಬಾಗಿಲು ಮುಚ್ಚುವವರು ಕಡಿಮೆಯಿಲ್ಲ. ಎರಡೂ ಕಡೆಯ ಭಯ ಒಂದೇ ಬಗೆಯದು. ಬೆರೆತರೆ ಕೆಡುತ್ತೇವೆ ಎಂಬ ಭಯ ಅದು.

ಖಾನಾಪುರ ತಾಲೂಕಿನ ನಮ್ಮ ಹಲಸಿ ಈ ಭಯಕ್ಕಿಂತ ಬಹಳ ಹಳೆಯದು. ಪಲಾಶಿಕಾ ಎಂದು ಕರೆಸಿಕೊಂಡು ಕದಂಬರ ಎರಡನೇ ರಾಜಧಾನಿಯಾಗಿದ್ದ ಊರು. ಇಲ್ಲಿ ಸಿಕ್ಕ ತಾಮ್ರಪಟಗಳು ವೈದಿಕ ಯಾಗಗಳನ್ನು ಮಾಡುತ್ತಿದ್ದ ಅರಸು ಮನೆತನದವು. ಅದೇ ಮನೆತನದ ಮೃಗೇಶವರ್ಮ ಐದನೇ ಶತಮಾನದಲ್ಲಿ ತಂದೆಯ ನೆನಪಿಗೆ ಇಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಪಂಗಡಗಳ ಮುನಿಗಳಿಗೆ 33 ನಿವರ್ತನ ಭೂಮಿ ಕೊಟ್ಟ. ಏಳು ಶತಮಾನಗಳ ನಂತರ ಗೋವೆಯ ಕದಂಬರಲ್ಲಿ ಇಬ್ಬರು ಅಣ್ಣತಮ್ಮಂದಿರು ಒಟ್ಟಿಗೆ ರಾಜ್ಯವಾಳಿದರು. ಶಿವಚಿತ್ತನೆಂದು ಹೆಸರಾದ ಪೆರ್ಮಾಡಿ ಶಿವಭಕ್ತ, ವಿಷ್ಣುಚಿತ್ತನೆಂದು ಹೆಸರಾದ ವಿಜಯಾದಿತ್ಯ ವಿಷ್ಣುಭಕ್ತ. ಹಲಸಿಯ ನರಸಿಂಹನಿಗೆ ಇಬ್ಬರೂ ಊರುಗಳನ್ನು ದತ್ತಿ ಬಿಟ್ಟಿದ್ದನ್ನು ಶಾಸನ ಹೇಳುತ್ತದೆ. ಅರಸರ ಕಾಲವೆಲ್ಲ ಸೌಹಾರ್ದದ ಕಾಲವಾಗಿತ್ತೆಂದು ಇದರ ಅರ್ಥವಲ್ಲ. ತನ್ನ ನಂಬಿಕೆಯನ್ನು ಬಿಡದೆಯೇ ಇನ್ನೊಬ್ಬರ ನಂಬಿಕೆಗೆ ಜಾಗ ಕೊಡುವುದು ಈ ಮಣ್ಣಿಗೆ ಹೊರಗಿನಿಂದ ಬಂದ ವಿಚಾರವಲ್ಲ ಎಂದಷ್ಟೇ.

ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕೂ ಕಿವಿಗೆ ಬೀಳುವ ಈ ಸೀಮೆಯ ಶಾಲೆಗಳಲ್ಲಿ ಮಕ್ಕಳಿಗೆ ಗೊತ್ತಿರುವುದು ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್. ಒಂದು ಬದಿಗೆ ಐದು ಜನ. ಮಣ್ಣಿನ ಅಂಗಳ, ಎರಡು ಕಂಬ, ಒಂದು ನೆಟ್ ಇದ್ದರೆ ಆಯಿತು. ಶಟಲ್ ಬ್ಯಾಡ್ಮಿಂಟನ್‌ಗೆ ಗಾಳಿ ಬೀಸದ ಒಳಾಂಗಣ ಬೇಕು, ದಿನವೂ ಶಟಲ್ ಕೊಳ್ಳುವ ಶಕ್ತಿ ಬೇಕು. ಅದು ನಗರದ ಉಳ್ಳವರ ಮಕ್ಕಳ ಆಟವಾಗಿ ಉಳಿದಿರುವುದು ಇದರಿಂದಲೇ. ಮದುವೆ ಮಂಟಪದಲ್ಲಿ ಗೆರೆ ಎಳೆದು ಒಬ್ಬ ಪ್ರಕಾಶ್ ಪಡುಕೋಣೆ ಬೆಳೆಯಬಹುದಾದರೆ, ವರ್ಷದ ಬಹುಪಾಲು ದಿನ ಖಾಲಿ ಬಿದ್ದಿರುವ ನಮ್ಮ ಶಾದಿಮಹಲ್‌ಗಳಲ್ಲಿ, ಸಮುದಾಯ ಭವನಗಳಲ್ಲಿ ಆ ಗೆರೆ ಎಳೆಯಲು ಅಡ್ಡಿ ಏನು? ವಾರದಲ್ಲಿ ಎರಡು ದಿನ ಹುಡುಗಿಯರಿಗೆಂದೇ ಬಾಗಿಲು ತೆರೆದಿಟ್ಟರೆ, ಕಲಿಸಲು ಒಬ್ಬ ಶಿಕ್ಷಕಿ ಸಿಕ್ಕರೆ ಸಾಕು. ದೊಡ್ಡ ಅನುದಾನಕ್ಕೆ ಕಾಯಬೇಕಾಗಿಲ್ಲ.

ಅಲ್ಲಿ ಆಡುವ ಹುಡುಗಿ ಒಲಿಂಪಿಕ್ಸ್‌ಗೆ ಹೋಗದಿರಬಹುದು. ಆದರೆ ಜೋಡಿಯಾಟ ಆಡಿದ ಮಗುವಿಗೆ ಒಂದು ವಿಷಯ ಮೈಗೂಡುತ್ತದೆ. ತನ್ನ ಬೆನ್ನ ಹಿಂದಿನ ಅರ್ಧ ಅಂಕಣ ತನಗೆ ಕಾಣುವುದಿಲ್ಲ. ಅದನ್ನು ನೋಡಿಕೊಳ್ಳುವವರು ಬೇರೆ ಮನೆಯವರು, ಬೇರೆ ಜಾತಿಯವರು, ಬೇರೆ ಧರ್ಮದವರು ಆಗಿರಬಹುದು. ಅವರನ್ನು ನಂಬದೆ ಒಂದು ಅಂಕವನ್ನೂ ಗೆಲ್ಲಲಾಗದು. ಜ್ವಾಲಾ, ಸಿಕ್ಕಿ, ಸಾತ್ವಿಕ್, ಸುಮೀತ್, ತನೀಶಾ ಹೀಗೆ ಎಷ್ಟೋ ಮಂದಿಯನ್ನು ನಂಬಿ ಅಶ್ವಿನಿ ಪೊನ್ನಪ್ಪ ಆಡಿದರು. ಗೆದ್ದಾಗ ಕೀರ್ತಿಯನ್ನು, ಸೋತಾಗ ಹೊಣೆಯನ್ನು ಹಂಚಿಕೊಂಡರು. ಅವರ ಕಾಲದ ಕ್ರೀಡಾ ಚರಿತ್ರೆ ಬರೆಯುವವರು ಸೈನಾ, ಸಿಂಧು ಅಧ್ಯಾಯಗಳ ನಡುವೆ ಅವರಿಗೆ ಅಡಿಟಿಪ್ಪಣಿಯ ಜಾಗ ಕೊಟ್ಟು ಮುಗಿಸಬಾರದು. ಅವರಿಗೆ ಒಂದು ಇಡೀ ಅಧ್ಯಾಯ ಬೇಕು. ಅದರಲ್ಲಿ ಅವರ ಜೊತೆಗಾರರ ಹೆಸರುಗಳೂ ಇರಬೇಕು.